ಮಗುವಿನ ಚೀಲವನ್ನು ಮಗುವೇ ತುಂಬಲಿ

(ಶಾಲೆಯೊಂದರ ಸ್ಕೌಟ್ಸ್ ಮತ್ತು ಗೈಡ್ಸ್ ದಳದ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಕ್ಕಳನ್ನು ಸ್ಕೌಟ್ಸ್ ಅಥವಾ ಗೈಡ್ಸ್ ದಳಕ್ಕೆ ಸೇರಿಸಿದ ಬಳಿಕ ಹೆತ್ತವರಿಗೆ ಉಳಿಯುವ ಕೆಲಸವೇನು? ಅರ್ಜಿಗೆ ಸಹಿ ಹಾಕಿದ್ದೇವೆ, ಸಮವಸ್ತ್ರ ಹೊಲಿಸಿದ್ದೇವೆ, ಇನ್ನುಳಿದದ್ದು ಮೇಷ್ಟ್ರ ಜವಾಬ್ದಾರಿ ಎಂದು ಹಲವರು ಭಾವಿಸುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ಮಗು ಮಾಡಬೇಕಾದುದನ್ನೆಲ್ಲ ತಾವೇ ಮಾಡಿಕೊಡುವ ಹೆತ್ತವರೂ ಇದ್ದಾರೆ. ವಾಸ್ತವದಲ್ಲಿ ಇವೆರಡರಿಂದಲೂ ನಷ್ಟವಾಗುವುದು ಮಗುವಿಗೇ. ಇವೆರಡರ ನಡುವಿನ ದಾರಿ ಯಾವುದು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಈ ಚಳವಳಿ ಹುಟ್ಟಿದ ಬಗೆಯನ್ನು ಅರಿತರೆ ಉತ್ತರ ಸುಲಭವಾಗುತ್ತದೆ. 1907ರ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರವೊಂದನ್ನು ನಡೆಸಿದರು. ಅವರಲ್ಲಿ ಶ್ರೀಮಂತ ಶಾಲೆಗಳ ಮಕ್ಕಳಿದ್ದರು, ದುಡಿಯುವ ವರ್ಗದ ಮಕ್ಕಳೂ ಇದ್ದರು. ಅವರನ್ನು ನಾಲ್ಕು ಪೆಟ್ರೋಲ್‌ಗಳಾಗಿ ಮಾಡಿ, ಪ್ರತಿ ಪೆಟ್ರೋಲ್‌ನ ಹೊಣೆಯನ್ನು ಅದರಲ್ಲೇ ಒಬ್ಬ ಹುಡುಗನಿಗೆ ವಹಿಸಲಾಯಿತು. ಮಕ್ಕಳನ್ನು ನಂಬಿ ಹೊಣೆ ಕೊಡುವುದು ಎಂಬ ಈ ಒಂದೇ ವಿಚಾರದ ಮೇಲೆ ಇಡೀ ಚಳವಳಿ ನಿಂತಿದೆ.

ಭಾರತದಲ್ಲಿ ಇದು ಆರಂಭವಾದದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಆದರೆ ಆಗ ಅದರ ಬಾಗಿಲು ಭಾರತೀಯ ಮಕ್ಕಳಿಗೆ ತೆರೆದಿರಲಿಲ್ಲ. ಆನಿ ಬೆಸೆಂಟ್ 1916ರಲ್ಲಿ ಮದರಾಸಿನಲ್ಲಿ ಭಾರತೀಯ ಮಕ್ಕಳಿಗಾಗಿಯೇ ಪ್ರತ್ಯೇಕ ಸಂಘಟನೆ ಕಟ್ಟಿದರು. ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮತ್ತು ಶ್ರೀರಾಮ ಬಾಜಪೇಯಿ ಅವರು ಸೇವಾ ಸಮಿತಿಯ ಮೂಲಕ ಉತ್ತರ ಭಾರತದಲ್ಲಿ ಅದೇ ಕೆಲಸ ಮಾಡಿದರು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಅಸ್ತಿತ್ವಕ್ಕೆ ಬಂತು. ಇಂದು ನಿಮ್ಮ ಮಗು ಕೊರಳಿಗೆ ಕಟ್ಟಿಕೊಳ್ಳುವ ಸ್ಕಾರ್ಫ್‌ನ ಹಿಂದೆ ಇಷ್ಟು ಜನರ ದುಡಿಮೆ ಇದೆ.

ಬಂಧುಗಳೇ, ಹೆತ್ತವರ ಮೊದಲ ಕರ್ತವ್ಯ ಕೈ ಕಟ್ಟಿ ನಿಲ್ಲುವುದು. ಕೇಳಲು ವಿಚಿತ್ರವೆನಿಸಬಹುದು. ಆದರೆ ಶಿಬಿರಕ್ಕೆ ಹೊರಟ ಮಗನ ಚೀಲವನ್ನು ತಾಯಿ ತುಂಬಿಸಿಕೊಟ್ಟರೆ, ಟಾರ್ಚ್ ಎಲ್ಲಿದೆ, ಹೊದಿಕೆ ಎಲ್ಲಿದೆ ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಪಟ್ಟಿಯನ್ನು ಅವನೇ ಬರೆಯಲಿ, ಅವನೇ ತುಂಬಲಿ. ಬಳಿಕ ನೀವು ಪಕ್ಕದಲ್ಲಿ ಕುಳಿತು, "ಮಳೆ ಬಂದರೆ ಏನು ಮಾಡುತ್ತೀ?" ಎಂದಷ್ಟೇ ಕೇಳಿ. ದಾಖಲೆ ಪುಸ್ತಕವನ್ನು ಅಕ್ಕನಿಂದ ಬರೆಸುವುದು, ಗಂಟು ಕಟ್ಟಲು ಬಾರದಿದ್ದರೂ ಪದಕ ಕೊಡಿ ಎಂದು ಶಿಕ್ಷಕರ ಮೇಲೆ ಒತ್ತಡ ಹೇರುವುದು ಪ್ರೀತಿಯಲ್ಲ. ನಾವು ಅದರ ಮೂಲಕ ಮಗುವಿಗೆ ಮೊದಲ ಸುಳ್ಳನ್ನು ಕಲಿಸುತ್ತೇವೆ. ಶಿಬಿರದಲ್ಲಿ ಅನ್ನ ಸೀದು ಹೋದರೆ ಆ ಸೀದ ಅನ್ನವನ್ನೇ ಮಕ್ಕಳು ಹಂಚಿಕೊಂಡು ಉಣ್ಣಲಿ. ಮರುದಿನ ಒಲೆಯ ಉರಿ ಎಷ್ಟಿರಬೇಕೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಎರಡನೆಯ ಕರ್ತವ್ಯ ಕಣ್ಣು ತೆರೆದಿರುವುದು. ಕೈ ಕಟ್ಟಿ ನಿಲ್ಲುವುದೆಂದರೆ ಕಣ್ಣು ಮುಚ್ಚುವುದಲ್ಲ. ಸ್ಕೌಟ್ ಮಾಸ್ಟರ್ ಯಾರು, ಗೈಡ್ ಕ್ಯಾಪ್ಟನ್ ಯಾರು, ಅವರು ತರಬೇತಿ ಪಡೆದಿದ್ದಾರೆಯೇ ಎಂದು ವಿಚಾರಿಸಿ. ಶಿಬಿರ ಎಲ್ಲಿ, ಎಷ್ಟು ದಿನ, ಹೆಣ್ಣು ಮಕ್ಕಳ ಜೊತೆ ರಾತ್ರಿ ಉಳಿಯುವ ಶಿಕ್ಷಕಿ ಯಾರು, ಹತ್ತಿರದ ಆಸ್ಪತ್ರೆ ಯಾವುದು ಎಂದು ಕೇಳುವುದು ಅಪನಂಬಿಕೆಯಲ್ಲ, ಅದು ನಿಮ್ಮ ಹಕ್ಕು. ಮಗುವಿಗೆ ಉಬ್ಬಸವೋ ಅಲರ್ಜಿಯೋ ಇದ್ದರೆ ಮುಚ್ಚಿಡದೆ ಬರೆದು ಕೊಡಿ. ಹಿರಿಯರು ಯಾರೇ ಆಗಲಿ, ಅಸಭ್ಯವಾಗಿ ವರ್ತಿಸಿದರೆ ಮನೆಗೆ ಬಂದು ಹೇಳುವ ಧೈರ್ಯವನ್ನು ಮಗುವಿನಲ್ಲಿ ತುಂಬಿ, ಹೇಳಿದಾಗ ಗದರಬೇಡಿ. 18 ವರ್ಷದೊಳಗಿನವರ ರಕ್ಷಣೆಗಾಗಿ 2012ರ ಪೋಕ್ಸೊ ಕಾನೂನಿದೆ, 1098 ಎಂಬ ಮಕ್ಕಳ ಸಹಾಯವಾಣಿ ಇದೆ. ಆದರೆ ಇವೆಲ್ಲಕ್ಕಿಂತ ಮೊದಲು ಮಗುವಿಗೆ ಬೇಕಾದುದು ಕಿವಿಗೊಟ್ಟು ಕೇಳುವ ತಂದೆ ತಾಯಿ.

ತಾಯಂದಿರಲ್ಲಿ ಒಂದು ವಿಶೇಷ ವಿನಂತಿ. ಏಳನೇ ತರಗತಿಯವರೆಗೆ ಉತ್ಸಾಹದಿಂದ ಓಡಾಡುತ್ತಿದ್ದ ಹುಡುಗಿ ಎಂಟು, ಒಂಬತ್ತಕ್ಕೆ ಬರುತ್ತಲೇ ದಳದಿಂದ ಕಣ್ಮರೆಯಾಗುತ್ತಾಳೆ. ಅಣ್ಣನಿಗೆ ಶಿಬಿರ, ತಂಗಿಗೆ ಅಡುಗೆಮನೆ! ಇದು ಯಾವ ನ್ಯಾಯ? 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟ್ ಹುಡುಗರ ಸಮಾವೇಶ ನಡೆದಾಗ, ಯಾರೂ ಕರೆಯದಿದ್ದರೂ ಹುಡುಗಿಯರ ಗುಂಪು ಬಂದು ತಮಗೂ ಅವಕಾಶ ಬೇಕೆಂದು ಕೇಳಿತ್ತು. ಮರುವರ್ಷವೇ ಗೈಡ್ಸ್ ಸಂಘಟನೆ ರೂಪುಗೊಂಡಿತು. ಹೆಣ್ಣು ಮಕ್ಕಳು ಕೇಳಿ ಪಡೆದುಕೊಂಡ ಈ ಅವಕಾಶವನ್ನು ನಾವು ಮನೆಯ ಹೊಸ್ತಿಲಲ್ಲೇ ಕಿತ್ತುಕೊಳ್ಳುವುದು ಬೇಡ. ಸುರಕ್ಷತೆಯ ಭಯವಿದ್ದರೆ ವ್ಯವಸ್ಥೆಯನ್ನು ಸರಿಪಡಿಸಲು ಒತ್ತಾಯಿಸೋಣ. ಮಗಳನ್ನು ಮನೆಯಲ್ಲಿ ಕೂರಿಸುವುದು ಪರಿಹಾರವಲ್ಲ.

ಇನ್ನು ಪ್ರಮಾಣಪತ್ರದ ಮಾತು. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ, ಹೀಗೆ ಮೆಟ್ಟಿಲುಗಳಿವೆ. ನಮ್ಮ ರಾಜ್ಯದಲ್ಲಿ ವೃತ್ತಿಪರ ಕೋರ್ಸುಗಳ ಪ್ರವೇಶದ ವಿಶೇಷ ವರ್ಗಗಳಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೂಡ ಸೇರಿರುವುದರಿಂದ, ಸೀಟಿನ ಆಸೆಗಾಗಿಯೇ ಮಕ್ಕಳನ್ನು ಸೇರಿಸುವವರಿದ್ದಾರೆ. ಸೌಲಭ್ಯ ಪಡೆಯುವುದು ತಪ್ಪಲ್ಲ. ಆದರೆ ಅದೇ ಗುರಿಯಾದರೆ, ಪತ್ರ ಕೈಗೆ ಬಂದ ದಿನವೇ ಸೇವೆ ಮುಗಿದುಹೋಗುತ್ತದೆ. ಇನ್ನೊಂದೆಡೆ, ಹತ್ತನೇ ತರಗತಿ ಎಂಬ ಒಂದೇ ನೆಪಕ್ಕೆ ಎಲ್ಲವನ್ನೂ ನಿಲ್ಲಿಸುವ ಹೆತ್ತವರಿದ್ದಾರೆ. ವಾರಕ್ಕೊಂದು ಗಂಟೆಯಿಂದ ಯಾರ ಅಂಕವೂ ಕರಗುವುದಿಲ್ಲ. ಸಮಯವನ್ನು ಹೊಂದಿಸಿಕೊಳ್ಳುವುದು ಹೇಗೆಂದು ಮಗುವಿನ ಜೊತೆ ಕುಳಿತು ಯೋಚಿಸಿ.

ಕೊನೆಯದಾಗಿ, ದಳದಲ್ಲಿ ಕಲಿತದ್ದಕ್ಕೆ ಮನೆಯಲ್ಲಿ ಜಾಗವಿರಬೇಕು. ಸ್ಕೌಟ್ ಮಾಡುವ ಪ್ರತಿಜ್ಞೆಯಲ್ಲಿ ದೇವರ ಮತ್ತು ದೇಶದ ಬಗೆಗಿನ ಕರ್ತವ್ಯವಿದೆ, ಇತರರಿಗೆ ನೆರವಾಗುವ ವಾಗ್ದಾನವಿದೆ. ಶಿಬಿರದಲ್ಲಿ ಬೇರೆ ಬೇರೆ ಧರ್ಮದ, ಬೇರೆ ಬೇರೆ ಕೇರಿಯ ಮಕ್ಕಳು ಒಂದೇ ಪಾತ್ರೆಯಿಂದ ಉಂಡು, ಒಂದೇ ಡೇರೆಯಲ್ಲಿ ಮಲಗುತ್ತಾರೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯಲ್ಲಿ ಸಾವಿರಾರು ಮಕ್ಕಳು ಹೀಗೆ ಒಟ್ಟಿಗೆ ಬದುಕಿದರು. ಅಂಥ ಮಗು ಮನೆಗೆ ಮರಳಿದಾಗ, ನೆರೆಯವರ ಬಗ್ಗೆ ನಮ್ಮ ಬಾಯಿಂದ ಅವಹೇಳನದ ಮಾತು ಬಂದರೆ ಅದು ಯಾರನ್ನು ನಂಬಬೇಕು? ಶಿಬಿರವನ್ನೋ, ನಮ್ಮನ್ನೋ?

ಆದ್ದರಿಂದ ಹೆತ್ತವರೇ, ಮಗು ಪ್ರಥಮ ಚಿಕಿತ್ಸೆ ಕಲಿತು ಬಂದರೆ ಮನೆಯ ಔಷಧ ಪೆಟ್ಟಿಗೆಯ ಹೊಣೆಯನ್ನು ಅದಕ್ಕೇ ಒಪ್ಪಿಸಿ. ಪಕ್ಕದ ಮನೆಯ ಅಜ್ಜಿಗೆ ಮಾತ್ರೆ ತಂದುಕೊಡಲು ಹೊರಟರೆ, ಅವರು ಯಾರವರು ಎಂದು ಕೇಳದೆ ಕಳುಹಿಸಿ. ವರ್ಷಕ್ಕೆ ಒಂದೆರಡು ದಿನ ನೀವೂ ದಳಕ್ಕೆ ಬಂದು ಡೇರೆ ಹೊರಲು, ನೀರು ತರಲು ಶಿಕ್ಷಕರಿಗೆ ನೆರವಾಗಿ. 'ಸಿದ್ಧರಾಗಿರಿ' ಎಂಬ ಧ್ಯೇಯವಾಕ್ಯ ಮಕ್ಕಳಿಗಷ್ಟೇ ಅಲ್ಲ, ನಮಗೂ ಅನ್ವಯಿಸುತ್ತದೆ. ಅವರು ಒಳ್ಳೆಯ ನಾಗರಿಕರಾಗಲು ಸಿದ್ಧರಾಗುತ್ತಿದ್ದಾರೆ. ಅವರನ್ನು ಹಾಗೆಯೇ ಬೆಳೆಯಗೊಡಲು ನಾವು ಸಿದ್ಧರಿದ್ದೇವೆಯೇ ಎಂದು ಪ್ರತಿಯೊಬ್ಬರೂ ಆತ್ಮಾವಲೋಕನ ಮಾಡಿಕೊಳ್ಳೋಣ ಎಂದು ವಿನಂತಿಸುತ್ತಾ ನನ್ನ ಮಾತಿಗೆ ವಿರಾಮ ಹಾಡುತ್ತೇನೆ.