ಬಾವಿಯ ಬಳಿ ನೀರು ಕೇಳಿದಾತ



ಸುವಾರ್ತೆಯಿಂದ ಸಮಾಜದ ಏಳಿಗೆಗೆ ಏನು ಕಲಿಯಬಹುದು ಎಂಬುದು ಸಾಸ್ತೂರಿನ ಈ ಸಭೆಯ ಇಂದಿನ ವಿಷಯ. ಅದಕ್ಕೆ ಒಂದೇ ಪ್ರಸಂಗ ಸಾಕು ಎಂದುಕೊಂಡಿದ್ದೇನೆ: ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯ. ನಡುಮಧ್ಯಾಹ್ನ. ನಡೆದು ದಣಿದ ಯೇಸು ಯಾಕೋಬನ ಬಾವಿಯ ಬಳಿ ಕುಳಿತಿದ್ದಾನೆ. ಸಮಾರ್ಯದ ಹೆಂಗಸೊಬ್ಬಳು ಕೊಡ ಹಿಡಿದು ಬರುತ್ತಾಳೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇಲ್ಲದ ಕಾಲ. ಆದರೂ ಆತ ಅವಳನ್ನು ಕುಡಿಯಲು ನೀರು ಕೇಳುತ್ತಾನೆ. ಅವಳು ಬೆರಗಾಗುತ್ತಾಳೆ, ಪ್ರಶ್ನೆ ಹಾಕುತ್ತಾಳೆ, ಬಾವಿ ಆಳವಿದೆ, ಸೇದುವುದಕ್ಕೆ ನಿನ್ನ ಹತ್ತಿರ ಏನೂ ಇಲ್ಲ ಎಂದು ತಿಳಿಸುತ್ತಾಳೆ. ಯೇಸು ಒಬ್ಬರೊಡನೆ ಇಷ್ಟು ಹೊತ್ತು ಮಾತಾಡಿದ್ದು ಸುವಾರ್ತೆಗಳಲ್ಲಿ ಇನ್ನೆಲ್ಲೂ ಇಲ್ಲ.

ಪ್ರವಚನಗಳಲ್ಲಿ ಅವಳ ಐದು ಗಂಡಂದಿರ ವಿಚಾರವೇ ದೊಡ್ಡದಾಗುವುದುಂಟು. ನನ್ನ ಮನಸ್ಸು ನಿಲ್ಲುವುದು ಮೊದಲ ಮಾತಿನಲ್ಲಿ. ಕೊಡಲು ಬಂದವನು ಮೊದಲು ಬೇಡಿದ. ತನಗೆ ಇಲ್ಲದ್ದು ಅವಳಲ್ಲಿದೆ ಎಂದು ಒಪ್ಪಿಕೊಂಡ ಮೇಲೆಯೇ, ತಾನು ಕೊಡುವ ಜೀವಜಲದ ಮಾತು ಬಂತು.

ಈ ಅಧ್ಯಾಯ ಬದುಕನ್ನೇ ತಿರುಗಿಸಿದ ಒಬ್ಬ ಹೆಣ್ಣುಮಗಳು ಪಂಡಿತಾ ರಮಾಬಾಯಿ. 1858ರಲ್ಲಿ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡ ಅನಂತಶಾಸ್ತ್ರಿ ಡೋಂಗ್ರೆ ಅವರ ತಂದೆ. ಬರಗಾಲ ತಂದೆತಾಯಿಯನ್ನು ಕಸಿದುಕೊಂಡಿತು. 1883ರಲ್ಲಿ ಇಂಗ್ಲೆಂಡಿಗೆ ಹೋದಾಗ, ಸಮಾಜ ತಳ್ಳಿಹಾಕಿದ ಹೆಂಗಸರಿಗೆ ಕ್ರೈಸ್ತ ಸನ್ಯಾಸಿನಿಯರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ನಡೆಸುತ್ತಿದ್ದ ಆಶ್ರಯಮನೆಯನ್ನು ಕಂಡರು. ಇಂಥವರನ್ನು ಇಷ್ಟು ಅಕ್ಕರೆಯಿಂದ ಏಕೆ ನೋಡಿಕೊಳ್ಳುತ್ತೀರಿ ಎಂದು ಕೇಳಿದಾಗ ಅವರಿಗೆ ಸಿಕ್ಕ ಉತ್ತರ ಸಮಾರ್ಯದ ಹೆಂಗಸಿನ ಕಥೆ. ಅದೇ ವರ್ಷ ದೀಕ್ಷಾಸ್ನಾನ ಪಡೆದರು. ಹಾಗೆಂದು ಗುರುಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ಬೈಬಲನ್ನು ತಾವೇ ಓದಿ ಆ ಸನ್ಯಾಸಿನಿಯರೊಡನೆಯೂ ವಾದಿಸಿದರು.

ಮುಂದೆ ಪುಣೆ ಬಳಿಯ ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ ಬರಗಾಲದ ಅನಾಥ ಹುಡುಗಿಯರು, ವಿಧವೆಯರು ಮುದ್ರಣ, ನೇಯ್ಗೆ, ಒಕ್ಕಲುತನ ಕಲಿತರು. ಮಗಳು ಮನೋರಮಾ ನಮ್ಮ ನೆರೆಯ ಕಲಬುರಗಿಯಲ್ಲಿ ಶಾಂತಿ ಸದನ ಶಾಲೆ ನಡೆಸಿದರು. 

ಅದಕ್ಕೂ ಮೊದಲು, 1893ರಲ್ಲಿ, ರಮಾಬಾಯಿ ವಿಧವೆಯರಿಗಾಗಿ ನಡೆಸುತ್ತಿದ್ದ ಶಾರದಾ ಸದನದಲ್ಲಿ ಮತಾಂತರದ ಆರೋಪ ಎದ್ದು, ಬೆಂಬಲಕ್ಕಿದ್ದ ರಾನಡೆ, ಭಂಡಾರ್ಕರ್ ಅಂಥ ಸುಧಾರಕರೇ ದೂರ ಸರಿದರು. ಅದನ್ನು ಮುಚ್ಚಿಡಬಾರದು. ಅನ್ನ, ಅಕ್ಷರ ಕೊಡುವ ಕೈಯೇ ನಂಬಿಕೆಯನ್ನೂ ಕೊಡುವಾಗ, ಪಡೆಯುವವರಿಗೆ ಬೇಡ ಎನ್ನುವ ದಾರಿ ಇತ್ತೇ ಎಂದು ಕೇಳಲೇಬೇಕು. ಬಾವಿಯ ಬಳಿಯ ಹೆಂಗಸಿಗೆ ಆ ದಾರಿ ಇತ್ತು. ಕೊಡ ಅವಳ ಕೈಯಲ್ಲಿತ್ತು.

ಬಾವಿಯ ಈ ಪ್ರಸಂಗ ಮಣ್ಣಿಗಿಳಿದದ್ದನ್ನು ನಾನು ಕಾಣುವುದು ಮಹಾರಾಷ್ಟ್ರದ ಜಾಮಖೇಡದಲ್ಲಿ. ಕ್ರೈಸ್ತ ದಂಪತಿ ಡಾ. ರಜನೀಕಾಂತ ಆರೋಳೆ ಮತ್ತು ಡಾ. ಮೇಬೆಲ್ ಆರೋಳೆ ವೆಲ್ಲೂರಿನಲ್ಲಿ ಓದಿ, 1970ರಲ್ಲಿ ಆ ಬರದ ಸೀಮೆಗೆ ಬಂದರು. ಕೊಳವೆಬಾವಿ ಕೊರೆಸುವಾಗ ದಲಿತರ ಕೇರಿಯಲ್ಲಿ ಜಾಗ ಗುರುತಿಸಿದರು. ನೀರು ಬೇಕಾದ ಮೇಲ್ಜಾತಿಯವರು ಕೊಡ ಹಿಡಿದು ಅಲ್ಲಿಗೇ ಬರಬೇಕಾಯಿತು. ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು 1927ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆಯಬೇಕಾದ ಈ ರಾಜ್ಯದಲ್ಲಿ ಅದು ಸಣ್ಣ ಕೆಲಸವಲ್ಲ. ಆರೋಗ್ಯ ಕಾರ್ಯಕರ್ತೆಯರನ್ನೂ ಹಳ್ಳಿಯಿಂದಲೇ ಆರಿಸಿದರು. ಅವರಲ್ಲಿ ಅನೇಕರು ಓದುಬರಹ ಬಾರದ ದಲಿತ ಹೆಣ್ಣುಮಕ್ಕಳು. ಹೆರಿಗೆ, ಕೂಸುಗಳ ತೂಕ, ಭೇದಿಗೆ ಉಪ್ಪು ಸಕ್ಕರೆ ನೀರು ಅವರ ಕೈಗೆ ಬಂತು. 1979ರಲ್ಲಿ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಇನ್ನು ಈ ಸಾಸ್ತೂರಿನ ಮಾತು. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪ. ಹಿಂದಿನ ದಿನ ಗಣಪತಿ ಕಳಿಸಿ ಮಲಗಿದ್ದ ಜನ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಬಿದ್ದಾಗ ಆ ಭಾರವೇ ಜೀವ ತೆಗೆಯಿತು. ನಿಮ್ಮೆದುರು ಅದನ್ನು ಬಣ್ಣಿಸುವ ಹಕ್ಕು ನನಗಿಲ್ಲ. ಆಮೇಲೆ ದೇಶದ ಮೂಲೆಮೂಲೆಯಿಂದ ಕೊಡುವವರು ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದರು. ಆದರೆ ಎಷ್ಟೋ ಹೊಸ ಊರುಗಳು ನಗರದ ಬಡಾವಣೆಯ ಅಚ್ಚಿನಲ್ಲಿ ನೇರ ಬೀದಿಗಳಾಗಿ ಎದ್ದವು. ದನ ಎಲ್ಲಿ ಕಟ್ಟುತ್ತೀರಿ, ಕಾಳು ಎಲ್ಲಿ ಇಡುತ್ತೀರಿ ಎಂದು ಆ ಮನೆಯ ಹೆಂಗಸನ್ನು ಕೇಳಿದವರು ಕಡಿಮೆ.

ಕೇಳಿದ ಕಡೆ ಕೆಲಸ ಬೇರೆಯೇ ಆಯಿತು. ಬಿರುಕುಬಿಟ್ಟ ಮನೆಗಳ ದುರಸ್ತಿಗೆ ಸರ್ಕಾರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆಯೊಡನೆ ಸೇರಿ ಹಳ್ಳಿಯ ಹೆಂಗಸರನ್ನೇ ಸಂವಾದ ಸಹಾಯಕರನ್ನಾಗಿ ಮಾಡಿತು. ಯಾರಿಗೆ ಎಷ್ಟು ಹಣ ಬರಬೇಕು ಎಂದು ಅವರು ಮನೆಮನೆಗೆ ತಿಳಿಸಿದರು, ಗವಂಡಿಯ ಕೆಲಸದ ಮೇಲೆ ಕಣ್ಣಿಟ್ಟರು, ಎಂಜಿನಿಯರನ್ನು ಪ್ರಶ್ನೆ ಕೇಳಿದರು. ಇದಕ್ಕೆ ಸುವಾರ್ತೆಯ ಹೆಸರು ಹಚ್ಚುವುದು ನನ್ನ ಉದ್ದೇಶವಲ್ಲ. ಅವರಲ್ಲಿ ಹೆಚ್ಚಿನವರು ಅದನ್ನು ಓದಿಯೂ ಇರಲಿಕ್ಕಿಲ್ಲ. ಆದರೆ ಯೋಹಾನನ ಆ ಅಧ್ಯಾಯವನ್ನು ಈ ನೆಲದಲ್ಲಿ ಕುಳಿತು ಓದಿದಾಗ ನನಗೆ ಕಾಣುವುದು ಇವರದೇ ಮುಖ. 2001ರ ಜನವರಿಯಲ್ಲಿ ಕಚ್ಛ ನಡುಗಿದಾಗ, ಮರಾಠವಾಡದ ಈ ಹೆಂಗಸರೇ ಗುಜರಾತಿಗೆ ಹೋಗಿ ಅಲ್ಲಿಯ ಹೆಂಗಸರ ಜೊತೆ ಕುಳಿತು ಮನೆ ಕಟ್ಟುವ ಮಾತಾಡಿದರು.