ಸೀರೆ ಅಂಗಡಿಯ ‘ಹುಡುಗಿ’ಗೆ ವಯಸ್ಸೆಷ್ಟು?



ಕಳೆದ ವಾರ ಮನೆಯವರ ಜೊತೆ ಚಿಕ್ಕಪೇಟೆಗೆ ಹೋಗಿದ್ದೆ. ಮದುವೆ ಜವಳಿ. ಅಂಥಾ ಕಡೆ ಗಂಡಸರಿಗೆ ಇರೋ ಕೆಲಸ ಎರಡೇ: ಬ್ಯಾಗ್ ಹಿಡಿಯೋದು, ಬಿಲ್ ಕಟ್ಟೋದು. ಸುಮ್ಮನೆ ಕೂತು ನೋಡ್ತಾ ಇದ್ದೆ. ಕೌಂಟರ್ ಆಚೆ ನಿಂತು ಸೀರೆ ಬಿಡಿಸುತ್ತಿದ್ದ ಹೆಣ್ಣುಮಗಳಿಗೆ ನಲವತ್ತು ದಾಟಿತ್ತು. ಇಳಕಲ್ ಯಾವುದು, ಮೊಳಕಾಲ್ಮೂರು ಯಾವುದು, ಯಾವ ಜರಿ ಬೇಗ ಕಪ್ಪಾಗುತ್ತೆ, ಎಲ್ಲ ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದರು. ಅಷ್ಟರಲ್ಲಿ ಗಲ್ಲಾಪೆಟ್ಟಿಗೆ ಕಡೆಯಿಂದ ಒಂದು ಕೂಗು: ‘ಏಯ್ ಹುಡುಗಿ, ಆ ಕಡೆ ಕಸ್ಟಮರ್ ನೋಡು!’ ಕೂಗಿದವನಿಗೆ ಇಪ್ಪತ್ತೈದು ಇದ್ದರೆ ಹೆಚ್ಚು.

‘ಬೇಜಾರಾಗಲ್ವಾ?’ ಅಂತ ಕೇಳಿದೆ. ನಕ್ಕರು. ‘ನನ್ನ ಮಗಳು ಡಿಗ್ರಿ ಓದ್ತಾ ಇದಾಳೆ ಸಾರ್. ಮನೇಲಿ ಹುಡುಗಿ ಅವಳು, ಇಲ್ಲಿ ನಾನು.’

ನೋಡಿ, ಅದೇ ಅಂಗಡಿಯಲ್ಲಿ ಅದೇ ಕೆಲಸ ಮಾಡೋ ಗಂಡಸು ಸೇಲ್ಸ್‌ಮನ್. ಮೀಸೆ ಚಿಗುರದ ಪಡ್ಡೆ ಹುಡುಗನೂ ಸೇಲ್ಸ್‌ಮನ್ನೇ. ಹೆಂಗಸು ಮಾತ್ರ ಸೇಲ್ಸ್ ಗರ್ಲ್. ಸೇರಿದ ದಿನವೂ ಗರ್ಲ್, ಬಿಡೋ ದಿನವೂ ಗರ್ಲ್. ಕನ್ನಡ ಹೀಗಿರಲಿಲ್ಲ ಸ್ವಾಮಿ. ಹೂ ಮಾರಿದರೆ ಹೂವಾಡಗಿತ್ತಿ. ಹೆರಿಗೆ ಮಾಡಿಸಿದರೆ ಸೂಲಗಿತ್ತಿ. ಹೆಸರಲ್ಲೇ ಕಸುಬು ಇತ್ತು, ವಯಸ್ಸಿರಲಿಲ್ಲ. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡು ಅವರನ್ನು ಸೂಲಗಿತ್ತಿ ನರಸಮ್ಮ ಅಂತಲೇ ಹೆಮ್ಮೆಯಿಂದ ಕರೆಯಿತು.

ಒಂದು ಪದಕ್ಕೆ ಇಷ್ಟೆಲ್ಲ ರಾದ್ಧಾಂತ ಯಾಕೆ ಅಂತೀರಾ? ಅಂಗಡಿ ಬಾಗಿಲಿಗೆ ಅಂಟಿಸಿರೋ ಚೀಟಿ ಓದಿ. ‘ಸೇಲ್ಸ್ ಗರ್ಲ್ಸ್ ಬೇಕಾಗಿದ್ದಾರೆ, ವಯಸ್ಸು 18ರಿಂದ 25.’ ಅದರ ಕೆಳಗೇ, ‘ಮ್ಯಾನೇಜರ್ ಬೇಕಾಗಿದ್ದಾರೆ, ಅನುಭವಸ್ಥರಿಗೆ ಆದ್ಯತೆ.’ ಅಂದರೆ ಒಬ್ಬರಿಗೆ ವಯಸ್ಸಾದರೆ ಅನುಭವ, ಇನ್ನೊಬ್ಬರಿಗೆ ವಯಸ್ಸಾದರೆ ಮನೆಗೆ ದಾರಿ. ಹುಡುಗಿ ಅಂದಮೇಲೆ ಬಡ್ತಿ ಯಾಕೆ? ಸಂಬಳ ಹೆಚ್ಚಿಸೋದು ಯಾಕೆ? ಕುರ್ಚಿ ಯಾಕೆ?

ಹೌದು, ಕುರ್ಚಿ. ಆಕೆ ಬೆಳಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಶಟರ್ ಎಳೆಯೋವರೆಗೂ ನಿಂತೇ ಇರಬೇಕು. ಗಿರಾಕಿ ಇಲ್ಲದಾಗಲೂ ಕೂರೋ ಹಾಗಿಲ್ಲ. ಇದು ಒಂದು ಊರಿನ ಕಥೆಯಲ್ಲ. ಕೇರಳದ ಕೋಯಿಕ್ಕೋಡ್‌ನಲ್ಲಿ ಮಿಠಾಯಿ ತೆರುವು ಅಂತ ಒಂದು ಬೀದಿ ಇದೆ, ನಮ್ಮ ಚಿಕ್ಕಪೇಟೆ ಥರ. ಅಲ್ಲಿನ ಅಂಗಡಿ ಹೆಣ್ಣುಮಕ್ಕಳು ವಿಜಿ ಅನ್ನೋ ದರ್ಜಿ ಮಹಿಳೆಯ ಮುಂದಾಳತ್ವದಲ್ಲಿ ಮೊದಲು ಶೌಚಾಲಯಕ್ಕೆ ಹೋರಾಡಿದರು, ಆಮೇಲೆ ಕೂರೋ ಹಕ್ಕಿಗೆ ಹೋರಾಡಿದರು. 2018ರಲ್ಲಿ ಕೇರಳ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಕೂರೋದಕ್ಕೆ ಕಾನೂನು ಬೇಕಾಯಿತು ವೀಕ್ಷಕರೇ! ನಾಚಿಕೆ ಆಗಬೇಕಾದ್ದು ಯಾರಿಗೆ?

ಇನ್ನು ಕೆಲವು ಶೋರೂಮ್‌ಗಳಲ್ಲಿ ಕೊರಳಿಗೆ ‘ಸೇಲ್ಸ್ ಎಕ್ಸಿಕ್ಯೂಟಿವ್’ ಅಂತ ಟ್ಯಾಗ್ ಹಾಕಿದ್ದಾರೆ. ಟ್ಯಾಗ್ ಬದಲಾಯಿತು, ಕೂಗೋ ದನಿ ಬದಲಾಗಲಿಲ್ಲ. ಬರೀ ಪದ ಬದಲಾದರೆ ಸಾಲದು, ನಿಜ. ಆದರೆ ಪದವೇ ಬದಲಾಗದಿದ್ದರೆ ಉಳಿದದ್ದು ಬದಲಾಗುತ್ತಾ?

ಬೆರಳು ಬೇರೆಯವರ ಕಡೆ ತೋರಿಸೋ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ‘ಸೇಲ್ಸ್ ಗರ್ಲ್ ಮೇಲೆ ಹಲ್ಲೆ’ ಅಂತ ಇದೇ ಪರದೆ ಮೇಲೆ ಪಟ್ಟಿ ಓಡಿದೆ. ಓದಿದವನು ನಾನೇ. ಏಟು ತಿಂದ ಹೆಣ್ಣುಮಗಳಿಗೆ ನಾನೂ ಒಂದು ಏಟು ಕೊಟ್ಟೆ ಅಂತ ಅವತ್ತು ಹೊಳೆಯಲಿಲ್ಲ. ಇನ್ನು ಮುಂದೆ ನನ್ನ ಬಾಯಲ್ಲಿ ಆ ಪದ ಬರೋದಿಲ್ಲ. ಮಾರಾಟಗಾರ್ತಿ ಅನ್ನೋ ಒಳ್ಳೆ ಪದ ನಮ್ಮಲ್ಲೇ ಇದೆ.

ನೀವೇನು ಮಾಡಬಹುದು? ಮುಂದಿನ ಸಲ ಅಂಗಡಿಗೆ ಹೋದಾಗ ಚಿಟಿಕೆ ಹೊಡೆಯಬೇಡಿ, ‘ಏಯ್’ ಅನ್ನಬೇಡಿ. ಅಕ್ಕ ಅನ್ನಿ, ಮೇಡಂ ಅನ್ನಿ. ಮಾಲೀಕರು ಎದುರಿಗಿದ್ದರೆ ನಗುತ್ತಲೇ ಕೇಳಿ: ‘ನಮಗೆ ಕುರ್ಚಿ ಹಾಕಿದ್ರಿ, ಅವರಿಗೆ?’