ಗಡಿಯಾರದ ನಸುಕು, ಸೂರ್ಯನ ನಸುಕು



ವಿದ್ಯಾರ್ಥಿಗಳ ಆತಂಕದ ಬಗ್ಗೆ ಮಾತಾಡುವಾಗ ನಾವು ಅಂಕ, ಫೀಸು, ಮನೆಯವರ ನಿರೀಕ್ಷೆ ಇವನ್ನೆಲ್ಲ ಹೇಳುತ್ತೇವೆ. ಬೆಳಕಿನ ಹೆಸರು ಬರುವುದೇ ಇಲ್ಲ. ಇವತ್ತಿನ ನನ್ನ ಮಾತು ಅದರ ಬಗ್ಗೆ, ಅದರಲ್ಲೂ ಬೆಳಗಾವಿ ಜಿಲ್ಲೆಯ ನಮ್ಮ ಕುಡಚಿಯ ಬೆಳಕಿನ ಬಗ್ಗೆ.

ಜನವರಿಯಲ್ಲಿ ನಮ್ಮೂರಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಸುಮಾರಿಗೆ. ಕೋಲ್ಕತ್ತದಲ್ಲಿ ಅದಕ್ಕೂ ಮುಕ್ಕಾಲು ಗಂಟೆ ಮೊದಲೇ ಹೊತ್ತು ಮೂಡಿರುತ್ತದೆ. ಎರಡೂ ಊರಿನ ಗೋಡೆ ಗಡಿಯಾರ ಮಾತ್ರ ಒಂದೇ ಹೊತ್ತು ತೋರಿಸುತ್ತದೆ. ದೇಶದ ಸಮಯವನ್ನು ಲೆಕ್ಕ ಹಿಡಿದಿರುವುದು ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದಿಂದ. ಕುಡಚಿ ಇರುವುದು 75 ಡಿಗ್ರಿಯ ಆಸುಪಾಸಿನಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹಾಗಾಗಿ ನಮ್ಮ ಸೂರ್ಯ ನಮ್ಮ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದಿದ್ದಾನೆ. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಬಂದ ಮೇಲೂ ಮುಂಬಯಿ ನಗರ 39 ನಿಮಿಷ ಹಿಂದಿದ್ದ ತನ್ನ ‘ಬಾಂಬೆ ಟೈಮ್’ ಅನ್ನು 1955ರ ತನಕ ಬಿಟ್ಟುಕೊಡಲಿಲ್ಲ. ದೇಶಕ್ಕೆ ಒಂದೇ ಸಮಯ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಕ್ಕಳ ಮೈ ನಡೆಯುವುದು ಸೂರ್ಯನ ಲೆಕ್ಕದಲ್ಲಿ.

ಕಣ್ಣು ಬರೀ ನೋಡುವುದಕ್ಕಲ್ಲ ಎಂಬುದನ್ನು ವಿಜ್ಞಾನಿಗಳು ಗಟ್ಟಿಯಾಗಿ ತಿಳಿದದ್ದು ಇತ್ತೀಚೆಗೆ. 2002ರಲ್ಲಿ ಅಮೆರಿಕದ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ಅಕ್ಷಿಪಟಲದಲ್ಲಿ ಬೇರೊಂದು ಬಗೆಯ ಜೀವಕೋಶಗಳು ತಾವಾಗಿಯೇ ಬೆಳಕಿಗೆ ಸ್ಪಂದಿಸುತ್ತವೆ ಎಂದು ತೋರಿಸಿದರು. ಮೆಲನಾಪ್ಸಿನ್ ಎಂಬ ವರ್ಣಕವಿರುವ ಈ ಕೋಶಗಳಿಗೆ ನೀಲಿ ಬೆಳಕು ಬಲು ಚುರುಕಾಗಿ ತಟ್ಟುತ್ತದೆ. ಹಗಲಾಯಿತು, ಇರುಳಾಯಿತು ಎಂಬ ಸುದ್ದಿಯನ್ನು ಇವು ಮೆದುಳಿಗೆ ಮುಟ್ಟಿಸುತ್ತವೆ. ಕತ್ತಲಾದಾಗ ಮೆಲಟೋನಿನ್ ಏರಿ ಮೈ ನಿದ್ದೆಗೆ ಅಣಿಯಾಗುತ್ತದೆ. ಎದ್ದ ಹೊತ್ತಿಗೆ ಕಾರ್ಟಿಸೋಲ್ ಏರಿ ದಿನದ ಕೆಲಸಕ್ಕೆ ಕಸುವು ಕೊಡುತ್ತದೆ. ಹರೆಯದಲ್ಲಿ ಈ ಗಡಿಯಾರ ತಾನಾಗಿಯೇ ತಡವಾಗಿ ಓಡುತ್ತದೆ. ಹದಿನಾರರ ಹುಡುಗನಿಗೆ ಹತ್ತು ಗಂಟೆಗೆ ನಿದ್ದೆ ಬಾರದಿದ್ದರೆ ಅವನನ್ನು ಸೋಮಾರಿ ಎನ್ನಬೇಡಿ.

ಈಗ ನಮ್ಮ ಮನೆಗಳತ್ತ ನೋಡೋಣ. ‘ನಸುಕಿನ್ಯಾಗ ಓದಿದ್ದು ತೆಲ್ಯಾಗ ಕುಂದರ್ತೈತಿ’ ಎನ್ನುತ್ತೇವೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ನಾಲ್ಕು ಗಂಟೆಗೆ ಎಬ್ಬಿಸುತ್ತೇವೆ. ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸುವ ಶಿಕ್ಷಕರೂ ಇದ್ದಾರೆ. ಅವರ ಕಾಳಜಿಗೆ ನಾನು ಕೈಮುಗಿಯುತ್ತೇನೆ. ಆದರೆ ಕುಡಚಿಯ ನಾಲ್ಕು ಗಂಟೆ ಎಂದರೆ ಸೂರ್ಯನ ಲೆಕ್ಕದಲ್ಲಿ ಮೂರೂವರೆ. ಜನವರಿಯಲ್ಲಿ ಸೂರ್ಯ ಹುಟ್ಟುವುದಕ್ಕೆ ಆಗಿನ್ನೂ ಮೂರು ತಾಸು ಉಳಿದಿರುತ್ತದೆ. ಹಿಂದಿನ ರಾತ್ರಿ ಹನ್ನೊಂದರ ತನಕ ಟ್ಯೂಬ್‌ಲೈಟಿನ ಕೆಳಗೆ, ಆಮೇಲೆ ಹಾಸಿಗೆಯಲ್ಲಿ ಮೊಬೈಲಿನ ಬೆಳಕಲ್ಲಿ ಇದ್ದ ಮಗುವಿಗೆ ಸಿಕ್ಕ ನಿದ್ದೆ ಎಷ್ಟು?

ಮೌಲಿಕ್ ಜಗ್ನಾನಿ ಎಂಬ ಅರ್ಥಶಾಸ್ತ್ರಜ್ಞ ಭಾರತದ ಅಂಕಿಅಂಶಗಳನ್ನೇ ಇಟ್ಟುಕೊಂಡು ಸೂರ್ಯನ ಹೊತ್ತಿಗೂ ಮಕ್ಕಳ ನಿದ್ದೆಗೂ ಇರುವ ನಂಟನ್ನು ಅಳೆದಿದ್ದಾರೆ. ಸೂರ್ಯ ಒಂದು ಗಂಟೆ ತಡವಾಗಿ ಮುಳುಗುವ ಕಡೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆ. ಮಲಗುವುದು ತಡವಾಗುತ್ತದೆ, ಶಾಲೆಯ ಗಂಟೆ ಮಾತ್ರ ಮುಂದೆ ಹೋಗುವುದಿಲ್ಲ. ಈ ಪೆಟ್ಟು ಬಡವರ ಮನೆಗೆ ಹೆಚ್ಚು. ಜೂನ್ ತಿಂಗಳಲ್ಲಿ ಏಳರ ತನಕ ಹೊತ್ತು ಮುಳುಗದ ನಮ್ಮ ಸೀಮೆ ಆ ಲೆಕ್ಕದಲ್ಲಿ ಪಶ್ಚಿಮದ ತುದಿಗೆ ಸೇರಿದ್ದು.

ನಿದ್ದೆ ಕೆಟ್ಟ ಮೆದುಳಿಗೆ ಸಣ್ಣ ಸಂಗತಿಯೂ ಬೆದರಿಕೆಯಾಗಿ ಕಾಣುತ್ತದೆ. ಗಣಿತದ ಒಂದು ಲೆಕ್ಕ ತಪ್ಪಿದರೆ ಎದೆ ಹೊಡೆದುಕೊಳ್ಳುತ್ತದೆ. 2023ರಲ್ಲಿ ಬ್ರಿಟನ್ನಿನ ಸುಮಾರು 87 ಸಾವಿರ ವಯಸ್ಕರ ಅಧ್ಯಯನವೊಂದು ಪ್ರಕಟವಾಯಿತು. ರಾತ್ರಿ ಹೆಚ್ಚು ಬೆಳಕಿಗೆ ಒಡ್ಡಿಕೊಂಡವರಲ್ಲಿ ಖಿನ್ನತೆ, ಆತಂಕ ಹೆಚ್ಚು ಕಂಡಿತು. ಹಗಲಲ್ಲಿ ಹೆಚ್ಚು ಬೆಳಕು ಕಂಡವರಲ್ಲಿ ಖಿನ್ನತೆ ಕಡಿಮೆ. ಬೆಳಕೇ ಕಾರಣ ಎಂದು ಇಷ್ಟರಿಂದಲೇ ತೀರ್ಮಾನಿಸಲಾಗದು, ಆತಂಕವಿದ್ದವರೇ ರಾತ್ರಿ ಎಚ್ಚರವಿರಬಹುದು. ಆದರೆ ಅಮೆರಿಕದಲ್ಲಿ ಎಂಟು ಜನ ಒಂದು ವಾರ ಗುಡಾರಗಳಲ್ಲಿ, ವಿದ್ಯುತ್ ದೀಪವಿಲ್ಲದೆ ಕಳೆದಾಗ ಅವರ ದೇಹದ ಗಡಿಯಾರ ಸುಮಾರು ಎರಡು ಗಂಟೆ ಮುಂಚೆ ಓಡತೊಡಗಿತು. ಬೆಳಕನ್ನು ಸರಿಪಡಿಸಿದರೆ ಮೈ ಬೇಗ ಸರಿಹೋಗುತ್ತದೆ ಎಂಬ ಭರವಸೆ ಇದರಲ್ಲಿದೆ.

ಬೆಳಕಿನ ಪ್ರಮಾಣ ಕೇಳಿದರೆ ನಿಮಗೂ ಅಚ್ಚರಿಯಾದೀತು. ಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಸಿಗುವುದು ಕೆಲವು ನೂರು ಲಕ್ಸ್. ಮೋಡ ಕವಿದ ದಿನವೂ ಬಯಲಲ್ಲಿ ಸಾವಿರಗಟ್ಟಲೆ, ಬಿರುಬಿಸಿಲಲ್ಲಿ ಒಂದು ಲಕ್ಷದ ತನಕ. ಕಣ್ಣಿಗೆ ಎರಡೂ ಬೆಳಕೇ ಆಗಿ ಕಾಣುತ್ತವೆ, ಮೆದುಳಿನ ಗಡಿಯಾರಕ್ಕೆ ಹಾಗಲ್ಲ.

ತೋಟಪಟ್ಟಿಯ ಮಕ್ಕಳ ಮಾತು ಬೇರೆ. ಕಬ್ಬಿನ ನಡುವಿನ ಮನೆಗಳಲ್ಲಿ ಪಂಪ್‌ಸೆಟ್ಟಿನ ಲೈನಿನಲ್ಲಿ ಕರೆಂಟು ಬಂದಾಗ ಓದಬೇಕು, ಹೋದಾಗ ಬ್ಯಾಟರಿ ಹಿಡಿಯಬೇಕು. ಅವರ ಸಂಕಟ ಹೆಚ್ಚು ಬೆಳಕಿನದಲ್ಲ. ಯಾವಾಗ ಬಂದೀತೋ ಎಂದು ಕಾಯುವ ಬೆಳಕಿನದು. ಆ ಕಾಯುವಿಕೆಯೇ ಒಂದು ಆತಂಕ. ತೋಟದ ಮನೆಗಳಿಗೆ ಸಂಜೆ ಆರರಿಂದ ಹತ್ತರ ತನಕ ಸಿಂಗಲ್ ಫೇಸ್ ತಪ್ಪದೆ ಕೊಡುವುದು ಮಕ್ಕಳ ಮಾನಸಿಕ ಆರೋಗ್ಯದ ಕೆಲಸವೂ ಹೌದು ಎಂದು ನಾನು ಈ ವೇದಿಕೆಯಿಂದ ಹೇಳುತ್ತೇನೆ.

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಸಣ್ಣದು. ಪ್ರಾರ್ಥನೆಯನ್ನು ಸಭಾಂಗಣದಲ್ಲಿ ಮಾಡಿಸಬೇಡಿ, ಬಯಲಲ್ಲಿ ಮಾಡಿಸಿ. ವಿಶೇಷ ತರಗತಿಯ ಮೊದಲ ಅರ್ಧ ಗಂಟೆಯನ್ನು ಅಂಗಳದಲ್ಲಿ, ಬೇವಿನ ಮರದ ಬುಡದಲ್ಲಿ ನಡೆಸಿ. ಕಿಟಕಿಗೆ ಅಡ್ಡ ಇಟ್ಟ ಕಪಾಟು ಸರಿಸಿ. ತಾಯಂದಿರೇ, ಮಗುವನ್ನು ನಾಲ್ಕಕ್ಕಲ್ಲ, ಆರಕ್ಕೆ ಎಬ್ಬಿಸಿ. ಹೊತ್ತು ಮೂಡಿದೊಡನೆ ಕಾಲು ತಾಸು ಹೊರಗೆ ಅಡ್ಡಾಡಲಿ. ರಾತ್ರಿ ಹತ್ತಕ್ಕೆ ಮೊಬೈಲ್ ಅಡುಗೆಮನೆಯಲ್ಲಿರಲಿ, ನಿಮ್ಮದೂ ಸೇರಿ. ಇಷ್ಟು ಮಾಡಿಯೂ ಮಗುವಿನ ಎದೆಯ ಭಾರ ಇಳಿಯದಿದ್ದರೆ ಅದು ಬೆಳಕಿನಿಂದ ತೀರುವ ನೋವಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ತಡಮಾಡದೆ ಕರೆ ಮಾಡಿ.